ಮಗ್ಗದ ಗುಂಡಿಯಲ್ಲಿ ಅಕ್ಕನ ಕಾಲು

ಮೊಳಕಾಲ್ಮೂರಿನ ನಮ್ಮ ಮನೆಯ ಬಾಗಿಲಲ್ಲಿ ನಿಂತವರಿಗೆ ಮೊದಲು ಕಾಣುತ್ತಿದ್ದುದು ಸೊಂಟದಿಂದ ಮೇಲಿನ ಮನುಷ್ಯ. ಕೆಳಗಿನ ಅರ್ಧ ಮಗ್ಗದ ಗುಂಡಿಯಲ್ಲಿರುತ್ತಿತ್ತು. ನನಗೆ ಹತ್ತು ತುಂಬುವವರೆಗೆ ಹಾಗೆ ಕಾಣುತ್ತಿದ್ದವರು ಅಪ್ಪ, ಆಮೇಲೆ ಅಕ್ಕ ಗಿರಿಜಾ. ಮೂರು ಕೋಣೆಗಳು ರೈಲುಡಬ್ಬಿಗಳ ಹಾಗೆ ಒಂದರ ಹಿಂದೊಂದು ಇದ್ದ ಮನೆ ಅದು. ಮುಂದಿನ ಕೋಣೆಯನ್ನು ಮಗ್ಗ ನುಂಗಿಬಿಟ್ಟಿತ್ತು. ಒಳಗೆ ಹೋಗಬೇಕಾದರೆ ಗೋಡೆಗೆ ಬೆನ್ನು ಹಚ್ಚಿ ಓರೆಯಾಗಿ ನಡೆಯಬೇಕು. ನೀರಿನ ಕೊಡ ಹೊತ್ತಿದ್ದರೆ ಉಸಿರು ಹಿಡಿಯಬೇಕು, ಯಾಕೆಂದರೆ ಮಗ್ಗಕ್ಕೆ ಉದ್ದಕ್ಕೂ ಬಿಗಿದ ರೇಷ್ಮೆಯ ಹಾಸಿನ ಮೇಲೆ ಒಂದು ಹನಿ ಬಿದ್ದರೂ ಕಲೆ. ನಡುವಿನ ಕೋಣೆಯಲ್ಲಿ ಸುತ್ತಿಟ್ಟ ಚಾಪೆಗಳು, ಒಂದು ಕಬ್ಬಿಣದ ಪೆಟ್ಟಿಗೆ, ದೇವರ ಗೂಡು. ಹಿಂದಿನದು ಅಡುಗೆಮನೆ, ಅದರಾಚೆ ತಗಡು ಮರೆಯ ಬಚ್ಚಲು. ಅಜ್ಜಿ, ಎಂದರೆ ಅಪ್ಪನ ತಾಯಿ, ಹೊಸ್ತಿಲ ಪಕ್ಕ ರಾಟೆ ಇಟ್ಟುಕೊಂಡು ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗಳಿಗೆ, ಎಂದರೆ ಕಂಡಿಕೆಗಳಿಗೆ, ನೂಲು ಸುತ್ತುತ್ತಿದ್ದಳು. ಅಲ್ಲಿ ಕೂತರೆ ಬೀದಿಯೂ ಕಾಣುತ್ತದೆ, ಸೊಸೆಯೂ ಕಾಣುತ್ತಾಳೆ.

ಅಕ್ಕ ಹುಟ್ಟಿದಾಗ ಅವಳ ಎಡ ಮೀನಖಂಡದ ಮೇಲೆ ಬೇವಿನ ಹಣ್ಣಿನಷ್ಟು ದೊಡ್ಡದೊಂದು ನೀಲಿ ಕಲೆ ಇತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಅಂಗೈಯಗಲ ಆಗಿತ್ತು. ಮುಟ್ಟಿದರೆ ಮೆತ್ತಗೆ, ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ನಿಧಾನ ತುಂಬಿಕೊಳ್ಳುತ್ತಿತ್ತು. ನೆನೆಸಿದ ಹತ್ತಿಬಟ್ಟೆಯನ್ನು ಚರ್ಮದ ಕೆಳಗೆ ಇಟ್ಟ ಹಾಗೆ. ಕೆಲವು ಕಡೆ ಅವರೆಕಾಳಿನಂಥ ಗಟ್ಟಿ ಗುಂಡುಗಳು ಬೆರಳಿಗೆ ಸಿಗುತ್ತಿದ್ದವು. ಅಕ್ಕ ದೊಡ್ಡವಳಾದ ವರ್ಷ ಅದು ಇದ್ದಕ್ಕಿದ್ದ ಹಾಗೆ ಉಬ್ಬಿ, ಮಂಡಿಯ ಹಿಂದಕ್ಕೂ ಹತ್ತಿತು. ಶಾಲೆಗೆ ನಡೆದು ಹೋಗಿ ಬಂದರೆ ಕಾಲು ಕಲ್ಲಾಗುತ್ತಿತ್ತು. ಏಳನೆಯ ತರಗತಿಗೆ ಅವಳ ಓದು ನಿಂತಿತು.

ಇದು ಯಾಕೆ ಬಂತು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವ್ವ ಏಳು ತಿಂಗಳ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಮಗ್ಗದಿಂದ ಜೋತುಬಿದ್ದಿದ್ದ ಒಂದು ಎಳೆಯನ್ನು ಹಲ್ಲಿನಲ್ಲಿ ಕಡಿದಿದ್ದಳು. ಅವ್ವ ಚಳ್ಳಕೆರೆಯವಳು, ಅವಳ ತೌರಿನವರು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವವರು, ನೇಯುವವರಲ್ಲ. ಅಜ್ಜಿಗೆ ಇದು ತಿಂಗಳಿಗೆ ಎರಡು ಸಲವಾದರೂ ಬೇಕಾಗುತ್ತಿತ್ತು.

“ಹಿಂಡಿ ಹೊರೋ ಮನೇಲಿ ಹುಟ್ದೋಳಿಗೆ ಗ್ರಹಣ ಏನು ಗೊತ್ತು? ಕಡಿದ ಎಳೆ ಎಲ್ಲಿಗೆ ಹೋಗ್ತೈತೆ? ನೆಟ್ಟಗೆ ಕೂಸಿನ ಕಾಲಿಗೆ ಹೋತು.”

“ಹದಿನಾಲ್ಕು ವರ್ಷ ಆತು ಅತ್ತೆ. ಇನ್ನೂ ಎಷ್ಟು ದಿನ ಅಂತೀರಿ?”

“ಕಾಲು ಇರೋ ತನಕ ಅಂತೀನಿ.”

ಅವ್ವನ ಮುದ್ದೆ ಕೋಲಿನ ಸದ್ದು ಜೋರಾಗುತ್ತಿತ್ತು. ಆ ದಿನ ಮುದ್ದೆಯಲ್ಲಿ ಒಂದು ಗಂಟೂ ಇರುತ್ತಿರಲಿಲ್ಲ.

ಅಕ್ಕನನ್ನು ಏನು ಮಾಡುವುದು ಎಂಬ ಪ್ರಶ್ನೆ ಎದ್ದಾಗ ಅಪ್ಪ ಒಂದು ತೀರ್ಮಾನ ಮಾಡಿದರು. ನಮ್ಮ ಬೀದಿಯಲ್ಲಿ ಯಾರೂ ಅಂಥದ್ದು ಮಾಡಿರಲಿಲ್ಲ. ನಮ್ಮಲ್ಲಿ ಹೆಂಗಸರು ನೂಲು ಬಿಡಿಸುತ್ತಾರೆ, ಕಂಡಿಕೆ ಸುತ್ತುತ್ತಾರೆ, ಹಾಸು ಹಿಡಿಯುತ್ತಾರೆ. ಗುಂಡಿಗೆ ಇಳಿದು ನೇಯುವುದು ಗಂಡಸರು. ಅಪ್ಪ ತಮ್ಮ ಜಾಗವನ್ನು ಅಕ್ಕನಿಗೆ ಬಿಟ್ಟುಕೊಟ್ಟು, ತಾವು ನಮಗೆ ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಸಾಹುಕಾರರ ಶೆಡ್ಡಿನ ಮಗ್ಗಕ್ಕೆ ಕೂಲಿಗೆ ಹೋಗತೊಡಗಿದರು.

“ಗಂಡಸ್ರು ಕೂರೋ ಜಾಗ ಅದು,” ಎಂದಳು ಅಜ್ಜಿ.

“ಜಾಗಕ್ಕೆ ಏನು ಗೊತ್ತಾಗ್ತೈತೆ ಅಮ್ಮ? ಕೂತು ಮಾಡೋ ಕೆಲಸ. ಕಾಲಿಗೆ ಆರಾಮು. ಇವಳನ್ನ ಶೇಂಗಾ ಕೀಳೋಕೆ ಕಳಿಸ್ಲಾ, ಕಲ್ಲು ಹೊರೋಕೆ ಕಳಿಸ್ಲಾ?”

ಅಜ್ಜಿ ರಾಟೆಯ ಕಡೆಗೆ ತಿರುಗಿದಳು. ಒಂದೇ ವರ್ಷದಲ್ಲಿ ಅಕ್ಕ ಅಪ್ಪನನ್ನು ಮೀರಿಸಿದಳು. ಅವಳು ನೇಯ್ದ ಅಂಚು ಅಡಿಕೋಲು ಇಟ್ಟು ಎಳೆದ ಗೆರೆಯ ಹಾಗಿರುತ್ತಿತ್ತು. ಸಾಹುಕಾರರು ಮನೆಗೆ ಬಂದವರು ಸೀರೆಯನ್ನು ಬೆಳಕಿಗೆ ಹಿಡಿದು, ಇದು ನಿನ್ನದಾ ಮಗಳದಾ ಎಂದು ಅಪ್ಪನನ್ನು ಕೇಳಿದರು. ಮಗಳದು ಎಂದಾಗ ಅಪ್ಪನ ಮುಖ ಹೇಗಿತ್ತು ಎಂದು ನನಗೆ ಇಂದಿಗೂ ಗೊತ್ತು. ಅಕ್ಕ ತಲೆ ಎತ್ತಲಿಲ್ಲ. ಲಾಳಿಯನ್ನು ಒಂದು ಸಲ ಜಾಸ್ತಿ ಜೋರಾಗಿ ಓಡಿಸಿದಳು ಅಷ್ಟೇ.

ಸಂಜೆ ಗುಂಡಿಯಿಂದ ಅವಳನ್ನು ಮೇಲೆತ್ತುವುದು ನನ್ನ ಕೆಲಸವಾಗಿತ್ತು. ಮೊದಲು ಬಲಗಾಲು ಬರುತ್ತಿತ್ತು. ಎಡಗಾಲನ್ನು ಅವಳು ಎರಡು ಕೈಯಿಂದ, ಬೇರೆಯವರ ಸಾಮಾನು ಎತ್ತಿಡುವ ಹಾಗೆ ಎತ್ತಿ ನೆಲದ ಮೇಲೆ ಇಡುತ್ತಿದ್ದಳು. ಕೂರುವ ಹಲಗೆಯ ತುದಿ ಒತ್ತಿ ತೊಡೆಯ ಹಿಂದೆ ಅಡ್ಡ ಗೆರೆ ಬಿದ್ದಿರುತ್ತಿತ್ತು. ಅದರ ಕೆಳಗೆಲ್ಲ ನೇರಳೆ ಬಣ್ಣ. ನಾನು ಬೆಚ್ಚಗಿನ ಹರಳೆಣ್ಣೆ ತಿಕ್ಕಿ, ಹಳೆಯ ಸೀರೆಯ ಪಟ್ಟಿ ಸುತ್ತುತ್ತಿದ್ದೆ. ಒಂದು ದಿನ, ಇದು ದಿನದಿಂದ ದಿನಕ್ಕೆ ದಪ್ಪ ಆಗುತ್ತಿದೆ ಎಂದೆ. ಊಟಕ್ಕೆ ಕೂತಿದ್ದ ಅಪ್ಪ ಜೋಳದ ರೊಟ್ಟಿ ಮುರಿಯುತ್ತಾ, “ಅಳತೆ ಇಲ್ಲದ ಮಾತು ಆಡಬೇಡ ಸುಜಾತಾ,” ಎಂದರು. ನೇಯುವವರ ಮನೆಯಲ್ಲಿ ಕಣ್ಣಂದಾಜಿಗೆ ಬೆಲೆಯಿಲ್ಲ. ಮರುದಿನದಿಂದ ನಾನು ಅಳೆಯತೊಡಗಿದೆ. ಕಸಕ್ಕೆ ಹೋಗುವ ರೇಷ್ಮೆ ತುಂಡುಗಳು ಮನೆ ತುಂಬ ಇದ್ದವು. ಬೆಳಗ್ಗೆ ಅಕ್ಕ ಏಳುವ ಮೊದಲು ಕಾಲಿನ ದಪ್ಪ ಜಾಗಕ್ಕೆ ಕೆಂಪು ಎಳೆ ಸುತ್ತಿ ಕತ್ತರಿಸುವುದು, ಸಂಜೆ ಅದೇ ಜಾಗಕ್ಕೆ ಬಿಳಿ ಎಳೆ. ಹಳೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲಿನಂತೆ ಎರಡನ್ನೂ ಅಕ್ಕಪಕ್ಕ ಗಂಜಿಯಿಂದ ಅಂಟಿಸುತ್ತಿದ್ದೆ. ಕೆಂಪಿಗಿಂತ ಬಿಳಿ ಯಾವಾಗಲೂ ಉದ್ದ. ಒಮ್ಮೊಮ್ಮೆ ಒಂದು ಬೆರಳು, ಒಮ್ಮೊಮ್ಮೆ ಎರಡು.

ನಾನು ಈಗ ಅಂಗನವಾಡಿಯಲ್ಲಿದ್ದೇನೆ. ಮಕ್ಕಳ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸದ ಒಂದು ಭಾಗ. ಇಷ್ಟು ಚೊಕ್ಕವಾಗಿ ಯಾರಮ್ಮ ನಿನಗೆ ಕಲಿಸಿದ್ದು ಎಂದು ಮೇಲ್ವಿಚಾರಕಿ ಒಮ್ಮೆ ಕೇಳಿದ್ದರು. ಮನೆಯಲ್ಲೇ ಎಂದು ಹೇಳಿ ಮುಂದಿನ ಮಗುವನ್ನು ಕರೆದೆ. ಎಲ್ಲವನ್ನೂ ಹೇಳಲು ಯಾರಿಗೆ ಸಮಯವಿದೆ.

ಆರು ತಿಂಗಳ ಎಳೆಗಳು ಸೇರಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ತಿಂಗಳಿಗೊಂದು ದಿನ ಕೆಂಪೂ ಬಿಳಿಯೂ ಒಂದೇ ಉದ್ದ ಇರುತ್ತಿದ್ದವು. ಬೆರಳಲ್ಲಿ ಎಣಿಸಿ ನೋಡಿದೆ, ಆರಕ್ಕೆ ಆರೂ ಅಮಾವಾಸ್ಯೆ. ನನಗೆ ಹನ್ನೆರಡು ವರ್ಷ. ಇಷ್ಟು ದೊಡ್ಡ ಸಂಗತಿ ನಾನೇ ಕಂಡುಹಿಡಿದೆ ಎಂಬ ಹೆಮ್ಮೆಯಲ್ಲಿ ಊಟದ ಹೊತ್ತಿಗೆ ನೋಟ್‌ಬುಕ್ ತಂದು ಎಲ್ಲರ ನಡುವೆ ಬಿಚ್ಚಿದೆ. ಅಜ್ಜಿ ಓದು ಬಾರದವಳು. ಆದರೆ ಎಳೆ ಓದಲು ಅವಳಿಗೆ ಯಾರ ಸಹಾಯವೂ ಬೇಡ. ಎರಡೂ ಎಳೆಗಳ ಮೇಲೆ ಉಗುರು ಆಡಿಸಿದಳು. ಎದ್ದು ಕೈ ತೊಳೆದು ದೇವರ ಗೂಡಿಗೆ ಕೈಮುಗಿದು ಬಂದಳು.

“ನೋಡಿದ್ರಾ? ಅಮಾವಾಸ್ಯೆಗೆ ಅದರ ಶಕ್ತಿ ಇಳಿತೈತೆ. ಗ್ರಹಣಕ್ಕೆ ಬಂದದ್ದು ಅಮಾವಾಸ್ಯೆಗೆ ಬಗ್ಗತೈತೆ.”

ಯಾರಿಗೂ ಅದು ತಪ್ಪೆನಿಸಲಿಲ್ಲ. ನನಗೂ ಅನಿಸಲಿಲ್ಲ. ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ಅಕ್ಕ ಅಂದು ಮಧ್ಯಾಹ್ನದ ತನಕ ಉಪವಾಸವಿದ್ದು ಚಾಪೆಯ ಮೇಲೆ ಬಿದ್ದುಕೊಂಡಿರುತ್ತಾಳೆ ಎಂಬುದು ನಮ್ಮೆಲ್ಲರ ಕಣ್ಣೆದುರಿಗೇ ಇತ್ತು. ತೀರಾ ಕಣ್ಣೆದುರಿಗೆ ಇದ್ದುದರಿಂದಲೇ ಕಾಣಲಿಲ್ಲ.

ಮರುವಾರವೇ ಅಜ್ಜಿ ಆಂಧ್ರದ ಗಡಿಯಾಚೆಯ ತನ್ನ ತೌರೂರಿಗೆ ಹೋಗಿ ಬಂದಳು. ಅಲ್ಲಿ ಬರೆ ಹಾಕುವ ಒಬ್ಬ ಮನುಷ್ಯನಿದ್ದ. ದನಗಳ ಊತಕ್ಕೂ ಹಾಕುತ್ತಿದ್ದ, ಮಕ್ಕಳ ಹೊಟ್ಟೆಗೂ ಹಾಕುತ್ತಿದ್ದ. ಮಹಾಲಯ ಅಮಾವಾಸ್ಯೆಗೆ ಬರುತ್ತಾನೆಂದು ಗೊತ್ತಾಯಿತು. ಅದು ಬಗ್ಗಿದ ದಿನವೇ ಕಾದ ಕಬ್ಬಿಣ ಇಟ್ಟರೆ ಬೇರು ಸಮೇತ ಸಾಯುತ್ತದೆ ಎಂದು ಅವನು ಹೇಳಿದ್ದನಂತೆ. ಅಪ್ಪ, “ಇಷ್ಟು ದಿನ ಏನೂ ಮಾಡಿಲ್ಲ ಅನ್ನೋದಕ್ಕಿಂತ ವಾಸಿ,” ಎಂದರು. ಆ ಮನುಷ್ಯನನ್ನು ನಮ್ಮ ಮನೆಗೆ ತಂದದ್ದು ನನ್ನ ನೋಟ್‌ಬುಕ್ಕು.

ಮಹಾಲಯಕ್ಕೆ ಒಂದು ತಿಂಗಳು ಇದೆ ಎನ್ನುವಾಗ ಮಗ್ಗದ ಮೇಲಿನ ಹಾಸು ಮುಗಿಯಿತು. ಸಾಹುಕಾರರಿಂದ ಹೊಸ ರೇಷ್ಮೆ ಬರುವುದು ಹತ್ತು ದಿನ ತಡವಾಯಿತು. ಆ ಹತ್ತು ದಿನ ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದಳು, ನವಣೆ ಕೇರಿದಳು, ನನ್ನ ತಲೆ ಹೇನು ನೋಡಿದಳು. ನಾನು ಎಂದಿನಂತೆ ಅಳೆದೆ. ಮೂರನೆಯ ದಿನದಿಂದ ಕೆಂಪೂ ಬಿಳಿಯೂ ಸಮ. ಏಳನೆಯ ದಿನ ಕೆಂಪು ಎಳೆಯೇ ಹಿಂದಿನ ಎಲ್ಲ ಕೆಂಪು ಎಳೆಗಳಿಗಿಂತ ಗಿಡ್ಡವಾಗಿತ್ತು. ಆಕಾಶದಲ್ಲಿ ಚಂದ್ರ ದಿನಾ ದೊಡ್ಡವನಾಗುತ್ತಿದ್ದ. ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಾ ನಾನು ಮೊದಲು ಹೇಳಿದ್ದು ಅಕ್ಕನಿಗೇ.

“ಅಕ್ಕ, ಅದು ಅಮಾವಾಸ್ಯೆಗೆ ಇಳಿಯೋದಲ್ಲ. ಮಗ್ಗ ಬಿಟ್ರೆ ಇಳಿತೈತೆ.”

ಅವಳು ತಂಬಿಗೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತು.”

“ಗೊತ್ತಾ? ಯಾವಾಗಿಂದ?”

“ಕಾಲು ನಂದು ಕಣೇ. ನಿನ್ನ ದಾರ ನೋಡಿ ತಿಳ್ಕಬೇಕಾ?”

“ಮತ್ತೆ ಯಾಕೆ ಹೇಳ್ಲಿಲ್ಲ? ಬರೆ ಹಾಕೋಕೆ ಬರ್ತಾನಲ್ಲ ಆ ಮನುಷ್ಯ.”

“ಹಾಕ್ಲಿ. ಬರೆ ನಾಲ್ಕು ದಿನ ಉರಿತೈತೆ. ಮಗ್ಗ ಹೋದ್ರೆ ನಾನೇನು ಮಾಡ್ಲಿ? ಹೊಸ್ತಿಲಾಗೆ ಅಜ್ಜಿ ಪಕ್ಕ ಇನ್ನೊಂದು ರಾಟೆ ಇಟ್ಕೊಂಡು ಕೂತ್ಕಳ್ಲಾ, ಸಾಯೋ ತನಕ?” ಆಮೇಲೆ ತಂಬಿಗೆ ಕೆಳಗಿಟ್ಟು ನನ್ನ ಒದ್ದೆ ಮಣಿಕಟ್ಟು ಹಿಡಿದಳು. “ಯಾರಿಗೂ ಹೇಳ್ಬೇಡ. ನನ್ನಾಣೆ.”

ಹತ್ತೊಂಬತ್ತು ದಿನ ನಾನು ಆ ಆಣೆ ಹೊತ್ತುಕೊಂಡಿದ್ದೆ. ಹೊಸ ರೇಷ್ಮೆ ಬಂತು, ಹಾಸು ಏರಿತು, ಅಕ್ಕ ಗುಂಡಿಗಿಳಿದಳು, ಬಿಳಿ ಎಳೆ ಮತ್ತೆ ಉದ್ದವಾಯಿತು. ಹೈಸ್ಕೂಲಿನಲ್ಲಿ ಮೇಷ್ಟ್ರು ಏನು ಹೇಳುತ್ತಿದ್ದರೋ ಒಂದೂ ಕಿವಿಗೆ ಹೋಗಲಿಲ್ಲ. ಮಹಾಲಯಕ್ಕೆ ನಾಲ್ಕು ದಿನ ಇರುವಾಗ ಒಂದು ಸಂಜೆ ಅಕ್ಕನಿಗೆ ಗುಂಡಿಯಿಂದ ಏಳಲಾಗಲಿಲ್ಲ. ಮೀನಖಂಡದ ಒಂದು ಜಾಗ ಕೆಂಪಗೆ, ಬಿಸಿಯಾಗಿ, ಮರದ ಹಾಗೆ ಗಟ್ಟಿಯಾಗಿತ್ತು. ಅಜ್ಜಿ ಹಣೆ ಮುಟ್ಟಿ ನೋಡಿ, “ಅದಕ್ಕೆ ಗೊತ್ತಾಗೈತೆ, ತನ್ನ ದಿನ ಹತ್ರ ಬಂತು ಅಂತ,” ಎಂದಳು. ನಾನು ಅಡುಗೆಮನೆಗೆ ಹೋದೆ. ಅವ್ವ ಹುರುಳಿ ಕಟ್ಟು ಬಸಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವ್ವ ನೋಟ್‌ಬುಕ್ ತೆಗೆದುಕೊಂಡು ಒಲೆಯ ಬೆಳಕಿಗೆ ಹಿಡಿದು ಹಾಳೆ ಹಾಳೆ ತಿರುವಿದಳು. ಬಸಿದ ಕಟ್ಟು ಆರಿ ಕೆನೆಗಟ್ಟಿತು. ಕೊನೆಗೆ ಸೆರಗಿನಲ್ಲಿ ಕೈ ಒರೆಸಿಕೊಂಡು ಮುಂದಿನ ಕೋಣೆಗೆ ಹೋಗಿ, “ನಾಳೆ ಬೆಳಗ್ಗೆ ನಮ್ಮಣ್ಣನ ಮನೆಗೆ ಹೋಗ್ತೀನಿ. ಇಬ್ಬರೂ ಹುಡುಗೀರು ನನ್ನ ಜೊತೆ ಬರ್ತವೆ,” ಎಂದಳು. ಕೇಳುವ ದನಿಯಲ್ಲಿ ಅವಳು ಅದನ್ನು ಹೇಳಲಿಲ್ಲ. ಮದುವೆಯಾದ ಹದಿನೇಳು ವರ್ಷಗಳಲ್ಲಿ ಮೊದಲ ಸಲ ಎಂದು ಕಾಣುತ್ತದೆ.

ಚಳ್ಳಕೆರೆಯ ಬಸ್ಸಿನಲ್ಲಿ ಅಕ್ಕ ಕಾಲನ್ನು ಅವ್ವನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನ ಮುಖ ನೋಡಲಿಲ್ಲ. ಒಂದೇ ಒಂದು ಮಾತು ಹೇಳಿದಳು.

“ನಿಂಗೆ ಯಾರು ಅಳೆ ಅಂದಿದ್ದು?”

ಮಾವ, ಎಂದರೆ ಅವ್ವನ ಅಣ್ಣ, ಮಿಲ್ಲಿಗೆ ಅರ್ಧ ದಿನ ರಜೆ ಹಾಕಿ ನಮ್ಮನ್ನು ಅಲ್ಲಿನ ಒಬ್ಬ ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋದರು. ಸಣ್ಣಗೆ, ಕನ್ನಡಕದ ಹೆಂಗಸು. ಅವರು ಕಾಲನ್ನು ನೋಡಿದ್ದಕ್ಕಿಂತ ಮುಟ್ಟಿದ್ದೇ ಹೆಚ್ಚು. ಕಣ್ಣು ಮುಚ್ಚಿ ಬೆರಳಿಟ್ಟು ಊದಿದ ಜಾಗದಲ್ಲಿ ಬಡಿತ ಇದೆಯೇ ಎಂದು ಹುಡುಕಿದರು; ಇಲ್ಲ, ಅದು ಒಳ್ಳೆಯದು ಎಂದರು. ಗಟ್ಟಿ ಕಾಳುಗಳನ್ನು ಒಂದೊಂದಾಗಿ ಎಣಿಸಿದರು. ಮಲಗಿಸಿ ಕಾಲನ್ನು ಗೋಡೆಗೆ ಎತ್ತಿ ಹಿಡಿದಾಗ ಅದು ಬತ್ತಿದ್ದನ್ನು ಅವ್ವನಿಗೆ ತೋರಿಸಿದರು. ಎಷ್ಟು ವರ್ಷದಿಂದ, ಯಾವಾಗ ಜಾಸ್ತಿಯಾಯಿತು ಎಂದು ಕೇಳಿದಾಗ ಅವ್ವ ನನ್ನ ಬೆನ್ನು ದೂಡಿದಳು. ನಾನು ನೋಟ್‌ಬುಕ್ ಮೇಜಿನ ಮೇಲಿಟ್ಟೆ.

“ಇದೇನು?”

“ಕಾಲಿಂದು. ಕೆಂಪು ಬೆಳಗ್ಗೆ, ಬಿಳಿ ಸಂಜೆ.”

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡರು. ಹೊರಗೆ ಕಾಯುತ್ತಿದ್ದವರು ಬಾಗಿಲು ಸಂದಿಯಲ್ಲಿ ಇಣುಕುತ್ತಿದ್ದರು.

“ಈ ಸಾಲಲ್ಲಿ ಎರಡೂ ಒಂದೇ ಇದೆಯಲ್ಲ?”

“ಅಮಾವಾಸ್ಯೆ.”

“ಈ ಹತ್ತು ಸಾಲು?”

“ರೇಷ್ಮೆ ಬಂದಿರ್ಲಿಲ್ಲ.”

“ರೇಷ್ಮೆ ಬರದಿದ್ದರೆ ಕಾಲಿಗೇನಮ್ಮ?”

ಆಗ ನಾನು ಗುಂಡಿಯ ಬಗ್ಗೆ ಹೇಳಬೇಕಾಯಿತು. ಅಕ್ಕ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಡಾಕ್ಟರಮ್ಮ ಅವಳನ್ನು ಎತ್ತರದ ಮಂಚದ ತುದಿಗೆ ಕೂರಿಸಿ, ಮಗ್ಗದಲ್ಲಿ ಕೂರುವ ಹಾಗೆಯೇ ಕಾಲು ಇಳಿಬಿಡು ಎಂದರು. ಅಷ್ಟರಲ್ಲಿ ಬೇರೊಬ್ಬ ರೋಗಿಯನ್ನು ನೋಡಿ ಕಳಿಸಿದರು. ತಿರುಗಿ ಬಂದಾಗ ನೀಲಿ ತುಂಬಿಕೊಂಡು ಚರ್ಮ ಬಿಗಿದಿತ್ತು. ಅವ್ವ ಎದ್ದು ನಿಂತವಳು ಮಂಚದ ಕಂಬಿ ಹಿಡಿದುಕೊಂಡಳು.

ಡಾಕ್ಟರಮ್ಮ ಅಂದು ಹೇಳಿದ್ದನ್ನು ನಾನು ಆಮೇಲೆ ನೂರು ಜನರಿಗೆ ಹೇಳಿದ್ದೇನೆ. ಇದು ಗಡ್ಡೆಯಲ್ಲ, ಕೊಬ್ಬಿನ ಗಂಟಲ್ಲ. ಮಗು ಹೊಟ್ಟೆಯಲ್ಲಿರುವಾಗಲೇ ರಕ್ತನಾಳಗಳು ಒಂದು ಜಾಗದಲ್ಲಿ ಕೊಳವೆಯ ಹಾಗೆ ಆಗುವ ಬದಲು ಚೀಲಚೀಲವಾಗಿ ಬೆಳೆದಿವೆ. ಮೇಲಕ್ಕೆ ಹೋಗಬೇಕಾದ ರಕ್ತ ಅಲ್ಲಿ ನಿಲ್ಲುತ್ತದೆ. ನಿಂತದ್ದು ಹೆಪ್ಪುಗಟ್ಟಿ ಗಟ್ಟಿಯಾದದ್ದೇ ಆ ಕಾಳುಗಳು. ಈಗ ಬಿಸಿಯಾಗಿರುವುದೂ ಅಂಥದೇ ಹೊಸ ಹೆಪ್ಪು. ಹುಡುಗಿಯರು ದೊಡ್ಡವರಾಗುವ ವಯಸ್ಸಿಗೆ ಇದು ತಾನೂ ಹಿಗ್ಗುತ್ತದೆ. ಮಗ್ಗದಿಂದ ಇದು ಬಂದಿಲ್ಲ, ಆದರೆ ದಿನವಿಡೀ ಕಾಲು ಇಳಿಬಿಟ್ಟು ಕೂತದ್ದರಿಂದ ಬೆಳೆದಿದೆ. ಬರೆಯ ವಿಷಯ ಕೇಳಿದಾಗ ಮಾತ್ರ ಅವರು ದನಿ ಏರಿಸಿದರು. “ಇದರ ಮೇಲೆ ಕಾದ ಕಬ್ಬಿಣ ಇಟ್ಟರೆ ರಕ್ತ ನಿಲ್ಲಿಸೋಕೆ ಅವನಿಂದಲೂ ಆಗಲ್ಲ, ನನ್ನಿಂದಲೂ ಆಗಲ್ಲ. ತಿಳೀತಾ?”

ಅವ್ವ ಮಂಚದ ಕಂಬಿ ಬಿಟ್ಟು ಮೇಜಿನ ಹತ್ತಿರ ಬಂದಳು.

“ಗ್ರಹಣದಾಗೆ ಎಳೆ ಕಡಿದಿದ್ದೆ ನಾನು.”

“ಕಡಿದರೇನಾಯ್ತು? ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ.”

“ಇನ್ನೊಂದು ಸಲ ಹೇಳ್ರಿ.”

“ಸಂಬಂಧ ಇಲ್ಲ.”

“ಬರ್ಕೊಡ್ರಿ. ಕನ್ನಡದಾಗೆ.”

ಡಾಕ್ಟರಮ್ಮ ಅವ್ವನ ಮುಖ ನೋಡಿದರು. ಔಷಧಿ ಬರೆಯುವ ಚೀಟಿಯ ಮೇಲೆಯೇ, ಗುಳಿಗೆಗಳ ಹೆಸರು ಮತ್ತು ಕಾಲು ಇಳಿಬಿಟ್ಟು ಕೂರಬಾರದು ಎಂಬ ಸಾಲಿನ ಕೆಳಗೆ, ದುಂಡಗಿನ ಅಕ್ಷರದಲ್ಲಿ ‘ಇದಕ್ಕೂ ಗ್ರಹಣಕ್ಕೂ ಸಂಬಂಧವಿಲ್ಲ’ ಎಂದು ಬರೆದು ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು.

ಮೊಳಕಾಲ್ಮೂರಿಗೆ ವಾಪಸು ಬಂದ ದಿನ ಅದನ್ನು ಅಜ್ಜಿಗೆ ಓದಿ ಹೇಳಿದವಳು ನಾನೇ. ಅಜ್ಜಿ ರಾಟೆ ನಿಲ್ಲಿಸದೆ ಕೇಳಿಸಿಕೊಂಡಳು. “ಬರೆದೋಳು ನಿಮ್ಮವ್ವನ ಹೊಟ್ಟೆ ಒಳಗೆ ಹೊಕ್ಕು ನೋಡಿದ್ಲಾ?” ಎಂದಳು. ಆದರೆ ಬರೆ ಹಾಕುವವನಿಗೆ ಬರಬೇಡ ಎಂದು ಹೇಳಿ ಕಳಿಸಿದವಳೂ ಅವಳೇ. ಅಪ್ಪ ಚೀಟಿಯನ್ನು ಎರಡು ಸಲ ಓದಿಸಿಕೊಂಡರು. ಎರಡನೆಯ ಸಲ ಕಾಲು ಇಳಿಬಿಡುವ ಮಾತು ಬಂದಾಗ ಕೈ ಎತ್ತಿ ಸಾಕು ಎಂದರು. ಹೋಗಿ ಮಗ್ಗದ ಮೇಲೆ ಬಟ್ಟೆ ಹೊದಿಸಿ ಬಂದರು. “ನಾನೇ ಕೂರಿಸಿದ್ದು,” ಎಂದು ಅವ್ವನಿಗೆ ಹೇಳಿದ್ದು ಕೇಳಿಸಿತು. ಅವ್ವ ಅವರಿಗೆ ಊಟಕ್ಕೆ ಬಡಿಸಿದಳು. ತಪ್ಪನ್ನು ಬೇರೆಯವರು ಎತ್ತಿ ಆಡಿದರೆ ಹೇಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಡಾಕ್ಟರಮ್ಮನ ಕಾಗದ ಹಿಡಿದು ಅಪ್ಪ, ಅವ್ವ ಅಕ್ಕನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನ್ ಮಾಡಿದ ಮೇಲೆ ಅಲ್ಲಿಯವರು, ಚೀಲಗಳು ಮಾಂಸದೊಳಗೆ ಹೆಣೆದುಕೊಂಡಿವೆ, ಕೊಯ್ದು ತೆಗೆಯಲಾಗದು ಎಂದರಂತೆ. ಮಂಪರು ಕೊಟ್ಟು, ಪರದೆಯ ಮೇಲೆ ನೋಡುತ್ತಾ ಸೂಜಿಯನ್ನು ಚೀಲದ ಒಳಕ್ಕೇ ಹಾಕಿ, ಅದರ ಗೋಡೆಗಳನ್ನು ಒಳಗಿನಿಂದ ಸುಟ್ಟು ಅಂಟಿಸುವ ಔಷಧಿ ಬಿಡುತ್ತಾರೆ. ಒಂದು ಸಲಕ್ಕೆ ಮುಗಿಯುವುದಿಲ್ಲ. ಜೊತೆಗೆ ತೊಡೆಯವರೆಗೆ ಬಿಗಿಯುವ ಕಾಲುಚೀಲ, ಮತ್ತು ಕೂತಾಗಲೆಲ್ಲ ಕಾಲು ಮೇಲೆ. ಅಪ್ಪ ಅಲ್ಲಿನ ಡಾಕ್ಟರನ್ನು, “ತಪ್ಪಾಗಿ ನೇಯ್ದಿದ್ರೆ ಬಿಚ್ಚಿ ಮತ್ತೆ ನೇಯ್ತೀವಿ ನಾವು. ಹಂಗೆ ಆಗಲ್ವೇನ್ರಿ?” ಎಂದು ಕೇಳಿದ್ದರು. ಆಗಲ್ಲ, ನಿಭಾಯಿಸಿಕೊಂಡು ಹೋಗಬೇಕು ಎಂದಿದ್ದರು ಅವರು. ಆ ಮಾತು ನಿಜವಾಯಿತು. ಅಕ್ಕನಿಗೆ ಈಗ ಐವತ್ತು ದಾಟಿದೆ. ಕೆಲವು ವರ್ಷಕ್ಕೊಮ್ಮೆ ಚೀಲಗಳು ಮತ್ತೆ ತುಂಬುತ್ತವೆ, ಮತ್ತೆ ಸೂಜಿ. ಅದೇ ಬಸ್ಸು, ಅದೇ ಸಾಲು, ಅದೇ ಹಳೆಯ ಕಾಗದಗಳ ಚೀಲ ನನ್ನ ಹೆಗಲಲ್ಲಿ. ಹೋಗಿ ಬಂದ ಮೇಲೆ ಎರಡು ದಿನ ನನಗೆ ಯಾರ ಜೊತೆಗೂ ಮಾತು ಬೇಡವಾಗಿರುತ್ತದೆ. ಆದರೆ ಕಾಲು ಇದೆ, ಅವಳು ಅದರ ಮೇಲೆ ನಡೆಯುತ್ತಾಳೆ.

ಆ ಮೊದಲ ಸಲ ಬೆಂಗಳೂರಿನಿಂದ ಬಂದಾಗ ಕಾಲು ಹೋಗುವಾಗ ಇದ್ದುದಕ್ಕಿಂತ ಎರಡು ಪಟ್ಟು ಊದಿತ್ತು. ಹಾಗೆಯೇ ಆಗುತ್ತದೆ, ಆಮೇಲೆ ಇಳಿಯುತ್ತದೆ ಎಂದು ಹೇಳಿ ಕಳಿಸಿದ್ದರು. ಒಳಗಿನಿಂದ ಸುಟ್ಟರು ಎಂದು ಅವ್ವ ವಿವರಿಸಿದಾಗ ಅಜ್ಜಿ ಕಂಡಿಕೆಯನ್ನು ಬುಟ್ಟಿಗೆ ಹಾಕಿ ನಿಟ್ಟುಸಿರಿಟ್ಟಳು.

“ನಾನು ಹೇಳಿದ್ದೂ ಅದೇ ತಾನೆ. ಸುಡ್ರಿ ಅಂದೆ. ಒಳಗಿಂದ ಅಂತ ಹೇಳಿರ್ಲಿಲ್ಲ, ಅಷ್ಟೇ.”

ಅವ್ವನಿಗೆ ನಗು ಬಂತು. ಅಜ್ಜಿಯೂ ಬಾಯಿಗೆ ಸೆರಗು ಹಿಡಿದಳು. ಅವರಿಬ್ಬರೂ ಒಂದೇ ಮಾತಿಗೆ ನಕ್ಕದ್ದನ್ನು ನಾನು ನೋಡಿದ್ದು ಅಂದೇ. ಅಕ್ಕ ಮಾತ್ರ ನಗಲಿಲ್ಲ. ಆಸ್ಪತ್ರೆಗೆ ಹೋಗುವ ಮೊದಲೂ, ಬಂದ ಮೇಲೂ ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಊಟ ಕೊಟ್ಟರೆ ಉಣ್ಣುತ್ತಿದ್ದಳು, ಕಾಲುಚೀಲ ಏರಿಸಿದರೆ ಕಾಲು ಕೊಡುತ್ತಿ‌ದ್ದಳು, ಅಷ್ಟೇ.

ಮಗ್ಗದ ಮೇಲೆ ಅವಳು ಅರ್ಧಕ್ಕೆ ಬಿಟ್ಟ ಹಾಸು ಹಾಗೆಯೇ ಇತ್ತು. ಸಾಹುಕಾರರ ರೇಷ್ಮೆ, ಬಿಟ್ಟರೆ ಧೂಳು ಕೂತು ಜರಿ ಕಪ್ಪಾಗುತ್ತದೆ. ಅಪ್ಪ ಶೆಡ್ಡಿನ ಕೆಲಸ ಬಿಡುವ ಹಾಗಿರಲಿಲ್ಲ. ಯಾರೂ ನನಗೆ ಹೇಳಲಿಲ್ಲ. ಯಾರಾದರೂ ಹೇಳಬೇಕಾಗಿಯೂ ಇರಲಿಲ್ಲ. ಹೈಸ್ಕೂಲಿಗೆ ಮೂರು ತಿಂಗಳು ಹೋಗಿದ್ದವಳು ಒಂದು ಸೋಮವಾರ ಹೋಗಲಿಲ್ಲ. ಕೆಳಗಿನ ತುಳಿಯುವ ಹಲಗೆ ನನ್ನ ಕಾಲಿಗೆ ಎಟುಕುತ್ತಿರಲಿಲ್ಲ, ಅಪ್ಪ ಅದಕ್ಕೆ ಮರದ ತುಂಡು ಕಟ್ಟಿ, ಎರಡು ಸಂಜೆ ಹೇಳಿಕೊಟ್ಟರು. ಗುಂಡಿಯೊಳಗೆ ತಣ್ಣಗಿತ್ತು. ಅಲ್ಲಿಂದ ನೋಡಿದರೆ ಮನೆಯವರೆಲ್ಲ ಎತ್ತರವಾಗಿ ಕಾಣುತ್ತಿದ್ದರು. ಅಕ್ಕನ ಚಾಪೆಯನ್ನು ಅವ್ವ ಮಗ್ಗದ ಪಕ್ಕದ ಗೋಡೆಗೇ ಹಾಸಿದ್ದಳು. ಮಲಗಿ ಮಲಗಿ ಬೇಜಾರಾಗುತ್ತದೆ, ಬೀದಿಯಾದರೂ ಕಾಣಲಿ ಎಂದು. ಎರಡು ದಿಂಬಿನ ಮೇಲೆ ಕಾಲಿಟ್ಟು ಅವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ನನ್ನ ಮೊಣಕೈಗೂ ಅವಳ ಬೆನ್ನಿಗೂ ಒಂದು ಮೊಳ ಅಂತರ. ಮೂರು ದಿನ ನಾನು ಲಾಳಿ ಓಡಿಸಿದೆ, ಮೂರು ದಿನ ಅವಳು ಗೋಡೆ ನೋಡಿದಳು. ನಾಲ್ಕನೆಯ ದಿನ ಮಧ್ಯಾಹ್ನ ತಿರುಗದೆಯೇ ಹೇಳಿದಳು.

“ಅಂಚು ಕಚ್ಚೈತೆ.”

“ಏನು?”

“ಅಂಚು. ಹೊಕ್ಕು ಬಿಗಿ ಎಳೀತಿದೀಯ. ಸದ್ದಲ್ಲೇ ಗೊತ್ತಾಗ್ತೈತೆ.”

ಬಗ್ಗಿ ನೋಡಿದೆ. ಬಟ್ಟೆಯ ಅಂಚು ಒಂದು ಬೆರಳಿನಷ್ಟು ಒಳಕ್ಕೆ ಸೆಳೆದುಕೊಂಡಿತ್ತು. ಅವಳು ನೇಯ್ದು ಬಿಟ್ಟಿದ್ದ ಭಾಗ ನೆಟ್ಟಗಿತ್ತು, ನನ್ನದು ಸೊಂಟ ಹಿಡಿದ ಹಾಗೆ.

“ಎಷ್ಟು ಬಿಚ್ಲಿ?”

ಅವಳು ಎದ್ದು ಕೂತಳು. ಎರಡು ಕೈಯಿಂದ ಕಾಲನ್ನು ಎತ್ತಿ ಇತ್ತ ಇಟ್ಟು, ಚಾಪೆಯ ಸಮೇತ ಮಗ್ಗದ ಹತ್ತಿರ ಸರಿದಳು. ಅಂಚಿನ ಮೇಲೆ ಬೆರಳು ಆಡಿಸಿದಳು.

“ಎಲ್ಲಾನೂ. ಮೊದಲ್ನೇ ದಿನದಿಂದ್ಲೇ ಕಚ್ಚೈತೆ.”

“ಮೂರು ದಿನದ್ದೂನಾ? ಮೊದಲ್ನೇ ದಿನಾನೇ ಗೊತ್ತಿತ್ತಾ ನಿಂಗೆ?”

“ಕೇಳ್ತಾನೇ ಇದ್ದೆ.”

ನಾನು ಬಿಚ್ಚತೊಡಗಿದೆ. ಎಳೆ ತುಂಡಾಗದ ಹಾಗೆ ಬಿಚ್ಚುವುದು ನೇಯುವುದಕ್ಕಿಂತ ಕಷ್ಟ. ಅಕ್ಕ ಆ ಬದಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಸಂಜೆ ಅವ್ವ ದೀಪ ಹಚ್ಚುವ ಹೊತ್ತಿಗೆ ಎರಡು ದಿನದ ಕೆಲಸ ಬಿಚ್ಚಿತ್ತು. ನನ್ನ ಬೆನ್ನು ಬಿದ್ದುಹೋಗಿತ್ತು. ಉಳಿದದ್ದು ನಾಳೆ ನೋಡೋಣ ಎಂದೆ. ಅಕ್ಕ ಬೇಡ ಅಂದಳು. ಇವತ್ತೇ ಬಿಚ್ಚಿ ಮುಗಿಸು, ನಾಳೆ ಬೆಳಗ್ಗೆ ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ ಅಂದಳು.